ಸಕ್ಕರೆ ಡಬ್ಬಿ ಖಾಲಿ

ಅಣ್ಣಾ,

ನಾನು ಔಷಧಿ ಅಂಗಡಿಗೆ ಹೊರಟೆ, ಇವತ್ತು ಬೆಳಗಿನ ಪಾಳಿ. ಗಿಳಿಗೆ ಕಾಳು ಹಾಕು. ಸಿರಪ್ ಬಾಟಲಿ ಕಂಡರೆ ಸಾಕು, ಅದೂ ನಿನ್ನ ಹಾಗೇ ಕೆಮ್ಮುತ್ತದೆ. ನಿಮ್ಮಿಬ್ಬರಲ್ಲಿ ಯಾರಿಗೂ ಕೆಮ್ಮಿಲ್ಲ.

ಸಕ್ಕರೆ ಮುಗಿದಿದೆ, ತಂದಿಡು. ಎಲ್ಲಿ ಹೋಯಿತು ಅಂತ ಅಪ್ಪನ ಮೇಲೆ ಹಾರಾಡಬೇಡ, ನಿನ್ನ ಹೊಟ್ಟೆಗೇ ಹೋಗಿದೆ. ಹನ್ನೊಂದು ದಿನದಿಂದ ನಿನ್ನ ಕೆಮ್ಮಿನ ಸಿರಪ್ ಬಾಟಲಿಗೆ ನಾನು ತುಂಬಿಸುತ್ತಿರುವುದು ಸುಟ್ಟ ಸಕ್ಕರೆ ನೀರು. ಅದನ್ನು ಕುಡಿದೇ ನೀನು ಅಮಲೇರಿದವನ ಹಾಗೆ ತೂರಾಡಿದೆ, ಬಾಗಿಲಿಗೆ ಡಿಕ್ಕಿ ಹೊಡೆದು ಅದರ ಹತ್ತಿರ ಕ್ಷಮೆ ಕೇಳಿದೆ, "ಈ ಸಲದ ಬಾಟ್ಲಿ ಸ್ವಲ್ಪ ಸ್ಟ್ರಾಂಗು ಕಣೇ" ಅಂದೆ. ನಗು ತಡೆಯಲಾಗದೆ ನಾನು ಬಚ್ಚಲುಮನೆಗೆ ಓಡಿದೆ.

ಸಿಟ್ಟು ಬಂದರೆ ಬರಲಿ. ಹೋದ ತಿಂಗಳು ಕೈ ನಡುಗಿ, ಗಿರಾಕಿಯ ಅರ್ಧ ಮೀಸೆ ಹಾರಿಸಿ ಸಲೂನಿನ ಕೆಲಸ ಕಳೆದುಕೊಂಡೆಯಲ್ಲ, ಅದೇ ಕೈ ನಿನ್ನೆ ಅಪ್ಪನ ಗಡ್ಡ ಬೋಳಿಸಿತು. ಒಂದು ಗೀರೂ ಇಲ್ಲ. ಅಪ್ಪ ದಿನವಿಡೀ ಕೆನ್ನೆ ಸವರಿಕೊಳ್ಳುತ್ತಿದ್ದರು.

ಹನ್ನೊಂದು ದಿನ ಗೊತ್ತಿಲ್ಲದೆ ಬಿಟ್ಟಿದ್ದೀಯ. ಇವತ್ತೊಂದು ದಿನ ಗೊತ್ತಿದ್ದೇ ಬಿಡು.

ಸಂಜೆ ಬಂದು ಟೀ ಮಾಡುತ್ತೇನೆ. ಸಕ್ಕರೆ ತರದಿದ್ದರೆ ನಿನ್ನ ಬಾಟಲಿಯಿಂದಲೇ ಎರಡು ಮುಚ್ಚಳ ಹಾಕುತ್ತೇನೆ.