ಹೂ ಯಾರ ಬಲಕ್ಕೆ ಬಿತ್ತು?

ಅಕ್ಕಾ,

ಮತ್ತೆ ಅದೇ ಕೆಟ್ಟ ಕನಸು. ಲಕ್ಷ್ಮೇಶ್ವರದ ನಮ್ಮ ಹನುಮಪ್ಪನ ಗುಡಿಕಟ್ಟೆಯ ಮೇಲೆ ನೀನು ಮಲಗಿದ್ದಿ. ಗದಗಿನ ಡಾಕ್ಟರಮ್ಮ ಬಂದು "ಬಲ ಯಾವ ಕಡೆ?" ಎಂದು ನನ್ನನ್ನು ಕೇಳುತ್ತಾರೆ. ಯಾವ ಕೈ ಎತ್ತಬೇಕೋ ತಿಳಿಯುವುದಿಲ್ಲ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳಿಗೆ ಇಂಥ ಪರೀಕ್ಷೆ ಯಾಕೆ?

ಆಪರೇಷನ್‌ಗೆ ಮೊದಲು ಅವರು ನಿನ್ನ ಹೊಟ್ಟೆ ಒತ್ತಿ ನೋಡಿದ್ದು ನೆನಪಿದೆಯಾ? "ಅಂಡಾಶಯದ ಕ್ಯಾನ್ಸರ್ ಇದ್ದಂಗ ಐತ್ರಿ. ಗಡ್ಡಿ ಅಲುಗಾಡವಲ್ದು, ನೀರೂ ತುಂಬೇತಿ. ಪೂರಾ ತೆಗಿಯಾಕ ಆಗಲಿಕ್ಕಿಲ್ಲ. ತೆರೆದ ಮ್ಯಾಲೇ ಖರೆ ತಿಳಿಯೋದು." ಹೊರಗೆ ಬಂದವಳೇ ನೀನು, "ಕಲ್ಲಂಗಡಿ ಕೊಳ್ಳಾವ್ರಂಗ ಬಡದು ಬಡದು ನೋಡಿದ್ರಲ್ಲ ಶಾಂತವ್ವ!" ಎಂದು ನಕ್ಕುಬಿಟ್ಟೆ.

ಅವ್ವ ನಮ್ಮನ್ನು ನೇರ ಗುಡಿಗೇ ಎಳೆದೊಯ್ದಳು, ಹೂ ಕೇಳಲು. ಒಂದು ಕೈ ಎತ್ತಿ, ಇನ್ನೊಂದನ್ನು ಸೊಂಟಕ್ಕಿಟ್ಟು ನಿಂತ ಮೂರ್ತಿಯ ಎರಡೂ ಭುಜಕ್ಕೆ ಅರ್ಚಕರು ಒದ್ದೆ ಹೂ ಅಂಟಿಸಿದರು. ಬಲಗಡೆಯದು ಬಿದ್ದರೆ ಒಳ್ಳೆಯದಾಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ. ನಾನು ಹೆದರಿ ಕಣ್ಣು ಮುಚ್ಚಿದೆ. ಅರ್ಚಕರು ತೀರ್ಥ ತರಲು ಆ ಕಡೆ ತಿರುಗಿದ್ದರು. "ಬಲಕ್ಕ ಕೊಟ್ಟ! ಹನುಮಪ್ಪ ಬಲಕ್ಕ ಕೊಟ್ಟ!" ಅವ್ವನ ಕೂಗಿಗೆ ನಾನು ಕಣ್ಣು ಬಿಡುವಷ್ಟರಲ್ಲಿ ಹೂ ನಿನ್ನ ಉಡಿಯಲ್ಲಿತ್ತು.

ಆಮೇಲೆ ನಿನ್ನ ಹೊಟ್ಟೆ ತೆರೆದರು, ತೆಗೆಯಲಾಗದೆ ಹಾಗೇ ಹೊಲಿದರು. ಡಾಕ್ಟರಮ್ಮ ಅಂದದ್ದೇ ಆಯಿತು. ಹಾಗಾದರೆ ಹೂ...

ನೀನು ತೀರಿಹೋದ ಮೇಲಿನ, ನೀನು ಕೇಳದ ಸುದ್ದಿ ಹೇಳುತ್ತೇನೆ. ಈಗ ನನಗೂ ಗಡ್ಡೆ. ಅದೇ ಡಾಕ್ಟರಮ್ಮ ನೋಡಿದರು. "ನಿಮ್ಮ ಅಕ್ಕಾರದರಂಗ ಅಲ್ರಿ ಇದು. ಅಲುಗಾಡತೈತಿ, ನೀರಿಲ್ಲ. ಪೂರಾ ಬರತೈತಿ ಅನಸ್ತೈತಿ. ಆದ್ರೂ ತೆರಿಯೂತನಕ..." ಸೋಮವಾರ ಆಪರೇಷನ್.

ಅವ್ವ ಮತ್ತೆ ಹೂ ಕೇಳೋಣ ಬಾ ಎಂದು ಗಂಟುಬಿದ್ದಿದ್ದಾಳೆ. "ಅವತ್ತು ಬಿದ್ದದ್ದು ಯಾರ ಬಲಕ್ಕವ್ವಾ? ದೇವರ ಬಲಾನೋ, ಎದುರಿಗೆ ನಿಂತ ನಮ್ಮ ಬಲಾನೋ?" ಎಂದು ಕೇಳಿದರೆ, "ಬಲ ಅಂದ್ರ ಬಲ! ಅದರಾಗ ಯಾರದೇನ, ಹುಚ್ಚಿ?" ಎಂದು ಬೈಯುತ್ತಾಳೆ.

ನಮ್ಮ ಬಲವಾದರೆ ಅದು ದೇವರ ಎಡ. ಹಾಗಾದರೆ ಅವನೂ ಆಗುವುದಿಲ್ಲವೆಂದೇ ಹೇಳಿದ್ದ, ನಾವೇ ತಿರುವುಮುರುವಾಗಿ ತಿಳಿದೆವು. ಈಗ ಧೈರ್ಯವಾಗಿ ಹೋಗಿ ಕೇಳಬಹುದು. ಅವನದೇ ಬಲವಾಗಿದ್ದರೆ? ಆ ಹೂವನ್ನು ಇನ್ನು ಹೇಗೆ ನಂಬಲಿ? ಡಾಕ್ಟರಮ್ಮನ "ಅನಸ್ತೈತಿ" ಒಂದನ್ನೇ ಹಿಡಿದು ಆ ಮೇಜಿನ ಮೇಲೆ ಹೇಗೆ ಮಲಗಲಿ?

ನೀನು ಕಣ್ಣು ತೆರೆದೇ ನಿಂತಿದ್ದವಳು. ನನಗೆ ಬಲ, ಎಡ ಅಂತ ಹೇಳಬೇಡ ಅಕ್ಕಾ, ತಲೆ ಕೆಡುತ್ತದೆ. ಹೂ ಬಿದ್ದದ್ದು ಹನುಮಪ್ಪ ಎತ್ತಿದ ಕೈಯ ಕಡೆಗೋ, ಸೊಂಟಕ್ಕಿಟ್ಟ ಕೈಯ ಕಡೆಗೋ? ಅಷ್ಟನ್ನು ನೆನೆದು, ಇನ್ನೊಮ್ಮೆ ಕನಸಿಗೆ ಬಂದಾಗ ಹೇಳು. ಸೋಮವಾರದೊಳಗೆ.

ನಿನ್ನ ಶಾಂತಾ