ಎರಡು ಮರದ ತಾಕು

ಮೆಂಜಲ್ ಬೂಝೆಲ್ಫಾ
22 ಫೆಬ್ರವರಿ 2005

ಪ್ರೀತಿಯ ದೊರ್ರಾ,

ಇದನ್ನು ಓದಿ ಮುಗಿಸಿದ ಮೇಲೆ ನಿನ್ನನ್ನು ಹೀಗೆ ಕರೆಯುವ ಹಕ್ಕು ನನಗೆ ಉಳಿಯುವುದೋ ಇಲ್ಲವೋ, ಅದಕ್ಕೇ ಮೊದಲೇ ಬರೆದುಬಿಟ್ಟೆ. ನೀನು ರಜೆ ಹಾಕಿ ನಾಬೆಲ್‌ಗೆ, ಅಮ್ಮನ ಮನೆಗೆ ಹೋಗಿದ್ದು ಒಳ್ಳೆಯದಾಯಿತು. ಎದುರಿಗಿದ್ದಿದ್ದರೆ ನಾನು ಇವತ್ತೂ ಹವೆಯ ಮಾತಾಡಿ ಎದ್ದು ಹೋಗುತ್ತಿದ್ದೆ.

ಹತ್ತು ವರ್ಷದ ಹಿಂದೆ ನಮ್ಮ ಸಂಶೋಧನಾ ಕೇಂದ್ರದಲ್ಲಿ ನನಗೆ ಕೊಟ್ಟಿದ್ದ ಕೆಲಸ ನಿನಗೆ ಗೊತ್ತು. ಹತ್ತು ಸಾಲು ಕಿತ್ತಳೆ, ಸಾಲಿಗೆ ಹದಿನಾಲ್ಕು ಮರ. ಎಲ್ಲಕ್ಕೂ ಒಂದೇ ನೀರು, ಒಂದೇ ಗೊಬ್ಬರ. ಪ್ರತಿ ಮರದ ಹಣ್ಣನ್ನೂ ಬೇರೆಬೇರೆ ತೂಗಿ, ಆಮೇಲೆ ಎರಡೆರಡು, ನಾಲ್ಕುನಾಲ್ಕು ಮರ ಸೇರಿಸಿ ನೋಡಿ, ಒಂದು ತಾಕಿಗೆ, ಅಂದರೆ ಪ್ರಯೋಗದ ಒಂದು ತುಂಡು ನೆಲಕ್ಕೆ, ಎಷ್ಟು ಮರವಿದ್ದರೆ ಪ್ರಯೋಗವನ್ನು ನಂಬಬಹುದು ಎಂದು ಹೇಳಬೇಕಿತ್ತು.

ಅದು ರಂಜಾನ್ ತಿಂಗಳು. ಉಪವಾಸ ಬಿಡುವ ಹೊತ್ತಿನ ಫಿರಂಗಿ ಹಾರುವ ಮೊದಲು ಮನೆ ಸೇರುವ ಅವಸರದಲ್ಲಿ ಹಣ್ಣು ಕೀಳುವವರು ಒಂದಿಡೀ ಸಾಲಿನ ಹಣ್ಣನ್ನು ಒಂದೇ ರಾಶಿ ಹಾಕಿಬಿಟ್ಟರು. ತೂಕ ಮಾಡುವ ಹತ್ತಾಬ್ ಚಿಕ್ಕಪ್ಪ ತಲೆ ಚಚ್ಚಿಕೊಂಡ.

"ಈಗೇನ್ಮಾಡ್ತೀಯ ಮಗಳೇ? ನೀನು ಯಾವ ಮರದ್ದು ಅಂತ ಹಣ್ಣನ್ನೇ ಕೇಳ್ತೀಯಾ?"

"ಒಟ್ಟಿಗೆ ತೂಗಿ ಚಿಕ್ಕಪ್ಪ, ಸಾಕು," ಎಂದೆ.

ಒಟ್ಟು ತೂಕವನ್ನು ಹದಿನಾಲ್ಕರಿಂದ ಭಾಗಿಸಿ ಬರೆದೆ. ನನಗೂ ಹಸಿವಾಗಿತ್ತು, ಮನೆಯಲ್ಲಿ ಬಿಸಿ ಶೋರ್ಬಾ ಸೂಪು ಕಾಯುತ್ತಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಬೇರೆ ಮಾತು. ಮರುದಿನ "ರಾಶಿ ಹಾಕಿ" ಎಂದು ನಾನೇ ಹೇಳಿದೆ. ಹತ್ತರಲ್ಲಿ ಆರು ಸಾಲು ಹಾಗೇ ಮುಗಿಸಿದೆ. ಸಮನಾಗಿ ಹಂಚಿದ ಮೇಲೆ ಮರ ಮರಕ್ಕೂ ವ್ಯತ್ಯಾಸ ಎಲ್ಲಿಂದ ಕಾಣಬೇಕು? ಎರಡು ಮರದ ತಾಕೇ ಸಾಕು ಎಂದು ವರದಿ ಕೊಟ್ಟೆ. ಜಾಗ ಉಳಿಸಿದ ಹುಡುಗಿ ಎಂದು ಎಲ್ಲರೂ ಬೆನ್ನು ತಟ್ಟಿದರು.

ನೀನು ಅದನ್ನು ನಂಬಿದೆ. ಉಪ್ಪುನೀರು ತಡೆಯುತ್ತವೆಂದು ನೀನು ಆರಿಸಿದ ಬೇರುಗಿಡಗಳ ಮೇಲೆ ಕಸಿ ಕಟ್ಟಿದ ಗಿಡಗಳನ್ನು ಜೋಡಿ ಜೋಡಿಯಾಗಿ ನೆಟ್ಟು ಎಂಟು ವರ್ಷ ಸಾಕಿದೆ. ಕೊನೆಗೆ "ಇವುಗಳಲ್ಲಿ ವಿಶೇಷ ಏನೂ ಇಲ್ಲ" ಎಂದು ಸಮಿತಿ ಕೀಳಲು ಹೇಳಿತು. ಆ ಸಂಜೆ ನೀನು ನನ್ನ ಕೋಣೆಗೆ ಬಂದು, "ತಪ್ಪು ನನ್ನದೇ ಇರ್ಬೇಕು ಕಣೇ ಬೇಯಾ, ಎಲ್ಲೋ ಎಡವಿದ್ದೀನಿ," ಎಂದೆ. ನಾನು ನಿನಗೆ ಚಹಾ ಕೊಟ್ಟೆ. ಸಮಾಧಾನ ಬೇರೆ ಹೇಳಿದೆ.

ನೀನು ಹೋದ ಮೇಲೆ ಆ ಆರು ಸಾಲಿನ ಈ ವರ್ಷದ ಹಣ್ಣನ್ನು ಮರ ಮರವಾಗಿ ತೂಗಿಸಿದೆ. ಹತ್ತಾಬ್ ಚಿಕ್ಕಪ್ಪ ತಕ್ಕಡಿ ಎತ್ತುತ್ತಾ, "ಆ ರಂಜಾನಿನ ಉಪವಾಸ ಈಗ ಬಿಡ್ತಿದ್ದೀಯಾ?" ಎಂದು ಚುಚ್ಚಿದ. ಒಂದು ಮರದಲ್ಲಿ ತೊಂಬತ್ತು ಕಿಲೋ, ಪಕ್ಕದ್ದರಲ್ಲಿ ಮೂವತ್ತೊಂದು! ಮರ ಮರಕ್ಕೇ ಇಷ್ಟು ಏರುಪೇರಿರುವಾಗ ಎರಡು ಮರದಲ್ಲಿ ಬೇರಿನ ಗುಣ ಕಾಣುವುದೇ ಇಲ್ಲ; ಎಂಟು ಮರಕ್ಕಿಂತ ಚಿಕ್ಕ ತಾಕು ಇಲ್ಲಿ ಯಾತಕ್ಕೂ ಬಾರದು. ನಿನ್ನ ಬೇರುಗಳು ಸೋತಿಲ್ಲ ದೊರ್ರಾ, ಅವುಗಳ ಪರೀಕ್ಷೆಯೇ ಆಗಿಲ್ಲ.

ಇಷ್ಟನ್ನೂ ಬೆಳಿಗ್ಗೆ ನಿರ್ದೇಶಕರಿಗೆ ಬರೆದುಕೊಟ್ಟೆ. "ಹತ್ತು ವರ್ಷ ಸುಮ್ನಿದ್ದೋರು ಈಗ್ಯಾಕಮ್ಮ ಬಾಯ್ಬಿಟ್ರಿ?" ಎಂದು ಕೇಳಿದರು. ಆದರೆ ಗಿಡ ಕೀಳುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ನನ್ನನ್ನು ಏನು ಮಾಡುತ್ತಾರೋ ಗೊತ್ತಿಲ್ಲ. ನೀನು ಬೇಗ ಬಂದು ನಿನ್ನ ಗಿಡಗಳನ್ನು ನೋಡಿಕೋ.

ನಿನ್ನ ನಂಬಿಕೆಗೆ ಯೋಗ್ಯಳಲ್ಲದ,
ಬೇಯಾ ಗರ್ಬಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಕೀಳುವ ಆದೇಶದ ಕೆಳಗೆ ಮೂರು ಸಹಿಗಳಿದ್ದವು. "ಮೂರನೇದು ಯಾರದೇ?" ಎಂದು ನೀನು ಅವತ್ತು ಕೇಳಿದಾಗ, ಗೀಚಿದ ಹಾಗಿದೆ, ಗೊತ್ತಾಗಲ್ಲ ಎಂದೆ. ಸಮಿತಿಯಲ್ಲಿದ್ದ ನಾನೇ, ನಿನಗೆ ಗುರುತು ಸಿಗಬಾರದೆಂದು ಬೇಕೆಂದೇ ಹಾಗೆ ಗೀಚಿದ್ದೆ. ಅದಕ್ಕೇ ಇಲ್ಲಿ ಸಹಿ ಹಾಕದೆ, ಓದಲು ಬರುವ ಹಾಗೆ ಪೂರ್ತಿ ಹೆಸರು ಬರೆದಿದ್ದೇನೆ.