ಕೋಲಿನಿಂದ ಬಿಡಿಸಿದ ಪಂದ್ಯ

ಮಾವಾ,

ನೀನು ಕೊಡ್ತೀನಿ ಅಂದದ್ದು ಇಷ್ಟು. ಮಿಲಿಟರಿಯಿಂದ ತಂದ ಕೆಂಪು ಬಾಕ್ಸಿಂಗ್ ಗವಸು. ಈರೋಡಿನ ಜಿಲ್ಲಾ ಪಂದ್ಯಕ್ಕೆ ಹೋಗುವಾಗ ಬಸ್ಸಿನಲ್ಲಿ ನಿನ್ನ ಪಕ್ಕದ ಸೀಟು. ಗೆದ್ದ ದಿನ ಊರೆದುರಿಗೆ ನನ್ನ ಕೈಯನ್ನು ನಿನ್ನ ಕೈಯಾರೆ ಎತ್ತುವುದು. ಪೊಂಗಲ್ ಆಟ ನಡೆಸುವ ಯಜಮಾನರ ಮಕ್ಕಳ ಸಂಘ, ಆ ಮಂಡ್ರಂನವರು ಕೊಡ್ತೀವಿ ಅಂದದ್ದು ಒಂದೇ: ಹಗ್ಗದೊಳಗೆ ಇಳಿದ ಮೇಲೆ ಜಾತಿ ಇಲ್ಲ, ಎಲ್ಲರಿಗೂ ಒಂದೇ ಕಾನೂನು. ಸಿಕ್ಕಿದ್ದು ಹೇಳಲಾ? ಗವಸು ನಂಜುಂಡನಿಗೆ. ಸೀಟು ನಂಜುಂಡನಿಗೆ. ನೀನು ಎತ್ತಿದ ಕೈ ನಂಜುಂಡನದು. ಕಾನೂನಿನ ಕತೆಗೆ ಆಮೇಲೆ ಬರ್ತೀನಿ.

ಮೊದಲು ನೆನಪಾಗೋದು ಆ ಹೊಂಗೆ ಮರ. ನೀನು ಮಿಲಿಟರಿ ಬಿಟ್ಟು ಬಂದವನು ರಾಗಿ ಹೊಟ್ಟು ತುಂಬಿದ ಗೋಣಿಚೀಲವನ್ನು ಅದರ ಕೊಂಬೆಗೆ ಕಟ್ಟಿ, ನಮ್ಮ ಕೇರಿಯ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿದೆ. ಗೆಟ್ಟವಾಡಿಯ ಯಜಮಾನರ ಹೊಲದಲ್ಲಿ ಹಗಲೆಲ್ಲ ಬಗ್ಗಿದ ಬೆನ್ನುಗಳನ್ನು ಸಂಜೆ ನೀನು ನೆಟ್ಟಗೆ ಮಾಡ್ತಿದ್ದೆ. ಕೊನೆಗೆ ಉಳಿದವರು ನಾವಿಬ್ಬರೇ: ನಿನ್ನ ಅಕ್ಕನ ಮಗ ನಾನು, ಎರಡು ಗುಡಿಸಲು ಆಚೆಯ ನಂಜುಂಡ. ಅವನ ಮುಷ್ಟಿಗೆ ಬಟ್ಟೆಪಟ್ಟಿಯನ್ನು ನೀನೇ ಸುತ್ತುತ್ತಿದ್ದೆ, ಬೆರಳು ಬೆರಳಿಗೂ, ಎಳೆಗೂಸಿಗೆ ಅಂಗಿ ತೊಡಿಸಿದ ಹಾಗೆ. ನಾನು ಕೈ ಚಾಚಿದರೆ, "ನೀ ಸುತ್ಕಳ್ಲಾ, ನಿಂಗ ಬತ್ತದ" ಅಂತಿದ್ದೆ. ಬರುತ್ತೆ ಅಂತ ಬಿಟ್ಟೆಯಾ, ಬೇಡ ಅಂತ ಬಿಟ್ಟೆಯಾ? ಇವತ್ತಿಗೂ ಆ ಪಟ್ಟಿಯ ಬಿಳುಪು ಕಣ್ಣಿಗೆ ಚುಚ್ಚುತ್ತೆ.

ಆ ಪೊಂಗಲ್ಲಿನ ಮಧ್ಯಾಹ್ನ ನೆನಪಿದೆಯಾ? ನಾಲ್ಕು ಗೂಟ, ಕತ್ತಾಳೆ ಹಗ್ಗ, ನಡುವೆ ನಾನೂ ನಂಜುಂಡನೂ. ಗೆದ್ದವನು ಈರೋಡಿಗೆ. ಜಡ್ಜುಗಳು ಮೂರು ಜನ, ಮೂರು ದಿಕ್ಕಿಗೆ ಮೂರು ಕುರ್ಚಿ: ಒಂದರಲ್ಲಿ ನೀನು, ಒಂದರಲ್ಲಿ ಸತ್ಯಮಂಗಲದಿಂದ ಬಂದ ಡ್ರಿಲ್ ಮೇಷ್ಟ್ರು, ಇನ್ನೊಂದರಲ್ಲಿ ಹಾಸನೂರಿನ ಫಾರೆಸ್ಟ್ ಗಾರ್ಡು. ರೆಫರಿ ಪಟೇಲರ ಮಗ ಮಲ್ಲೇಶಪ್ಪ. ಮೈಸೂರಿನಲ್ಲಿ ಕಾಲೇಜು ಓದಿ ಬಂದವನು, ಕೊರಳಲ್ಲಿ ಪೀಪಿ, ಕೈಯಲ್ಲಿ ಬಿದಿರು ಕೋಲು. ಕೋಲು ಯಾಕೆ ಅಂತ ಡ್ರಿಲ್ ಮೇಷ್ಟ್ರು ತಮಿಳಿನಲ್ಲಿ ಕೇಳಿದರಂತೆ. ಇಬ್ಬರೂ ತೆಕ್ಕೆ ಬಿದ್ದರೆ ಬಿಡಿಸೋಕೆ ಅಂದನಂತೆ. ಕೈಯಿಂದ ಬಿಡಿಸೋದಲ್ಲವಾ ರೆಫರಿ ಕೆಲಸ? ನಮ್ಮನ್ನು ಮುಟ್ಟಬೇಕಲ್ಲ, ಅದಕ್ಕೇ ಕೋಲು. ಅವನ ಕರುಣೆ ನೋಡು, ನಮಗೆ ನೋವಾಗಬಾರದು ಅಂತ ತುದಿಗೆ ಬಟ್ಟೆ ಸುತ್ತಿದ್ದ.

ಮೊದಲ ರೌಂಡು ನಂಜುಂಡನದು. ಒಪ್ತೀನಿ. ಅವನ ಎಡಗೈ ಹಾವಿನ ನಾಲಿಗೆ. ಎರಡನೆಯದು ನನ್ನದು, ಅದನ್ನು ಅವನೂ ಒಪ್ತಾನೆ. ಮೂರನೆಯದರಲ್ಲಿ ಸುಸ್ತಾಗಿ ಅವನು ನನ್ನ ಕೊರಳಿಗೆ ಜೋತುಬಿದ್ದ. ನಿಯಮದ ಪ್ರಕಾರ ಆ ಕ್ಷಣವೇ ಬಿಡಿಸಬೇಕು. ಮಲ್ಲೇಶಪ್ಪ ದೂರ ನಿಂತು ಕೋಲು ತೂರಿಸಿದ. ಎತ್ತಿನ ಮೂತಿಯಿಂದ ಹುಲ್ಲು ಎಳೆದ ಹಾಗೆ ಅಲ್ಲಿಷ್ಟು ಇಲ್ಲಿಷ್ಟು ತಿವಿದ. ಕೋಲಿಗೆ ಬಿಡುವ ತೆಕ್ಕೆಯಾ ಅದು? ಅಂಟಿಕೊಂಡೇ ಇದ್ದೆವು. ಸಿಕ್ಕ ಗೇಣು ಜಾಗದಲ್ಲಿ ನಾನು ಅವನ ಪಕ್ಕೆಗೆ ಹೊಡೆದೆ, ಹೊಡೆದೆ, ಅವನ ಉಸಿರು ನನ್ನ ಕಿವಿಯಲ್ಲಿ ಮುರಿಯೋದು ಕೇಳಿಸ್ತಿತ್ತು. ಹಾಗೆ ತಬ್ಬಿಕೊಂಡಿರುವಾಗಲೇ ಪಂದ್ಯ ಮುಗಿದ ಪೀಪಿ ಕೂಗಿತು.

ಡ್ರಿಲ್ ಮೇಷ್ಟ್ರು ಗೆಲುವನ್ನು ನನಗೆ ಕೊಟ್ಟರು. ಅವರ ಕುರ್ಚಿಗೆ ನನ್ನ ಮುಷ್ಟಿ ಕಾಣ್ತಿತ್ತು. ಗಾರ್ಡು ನಂಜುಂಡನಿಗೆ ಕೊಟ್ಟ. ಇಡೀ ಮೈದಾನ ನಿನ್ನ ಕಡೆ ತಿರುಗಿತು. ನೀನು ಎದ್ದೆ, ಹಗ್ಗ ದಾಟಿದೆ. ನನ್ನ ಮುಂದೆಯೇ ಹಾದು ಹೋದೆ ಮಾವಾ, ನಿನ್ನ ಬೀಡಿ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ... ಹೋಗಿ ಅವನ ಕೈ ಎತ್ತಿದೆ. ಆಮೇಲೆ ನಿನ್ನ ಹೆಗಲ ಟವಲಿನಿಂದ ಅವನ ಮುಖ ಒರೆಸಿದೆ. ಕೈ ಎತ್ತಿದ್ದನ್ನು ಒಂದು ದಿನ ಮರೆತೇನು. ಆ ಟವಲನ್ನು?

ಮನೆಗೆ ಬಂದಾಗ ನಿನ್ನ ಅಕ್ಕ ಸುಮ್ಮನಿದ್ದಳಾ? ಹಿಟ್ಟಿನ ಕೋಲು ಹಿಡಿದೇ ಬಾಗಿಲಿಗೆ ಬಂದಳು. "ಸ್ವಂತ ಅಕ್ಕನ ಮಗನ ಕೈ ಎತ್ತಾಕ ಆಗ್ನಿಲ್ವಾ ನಿಂಗ? ನಾಳ ನಿನ್ನ ಚಟ್ಟಕ್ಕ ಎಗಲು ಕೊಡೋನೂವ ಅವ್ನೇಯಾ?" ನೀನು ನನ್ನ ಕಡೆ ತಿರುಗಿ ಹೇಳಿದೆ. "ನನ್ನ ಕುರ್ಚಿಗ ನಿನ್ನ ಬೆನ್ನು ಕಾಣ್ತಿತ್ತು ಕಣ್ಲಾ. ಕಾಣ್ದೇ ಇರೋ ಏಟ್ಗ ಎಂಗ್ ಅಂಕ ಕೊಡ್ಲಿ?" ನ್ಯಾಯವಂತ ನೀನು. ಊರೆಲ್ಲ ಅದನ್ನೇ ಹೊಗಳಿತು, ಸ್ವಂತದವನು ಅಂತ ನೋಡಲಿಲ್ಲ ಅಂತ. ಸ್ವಂತದವನು ಅನ್ನೋ ಕಾರಣಕ್ಕೇ ಅನ್ಯಾಯವಾದರೆ ಅದನ್ನು ಯಾವ ಬಾಯಿ ಹೊಗಳಬೇಕು?

ಅವನು ಈರೋಡಿಗೆ ಹೋಗಿ ಮೊದಲ ಪಂದ್ಯದಲ್ಲೇ ಸೋತು ಬಂದ. ನನಗೆ ಖುಷಿಯಾಯಿತು, ಬೆಲ್ಲ ತಿಂದಷ್ಟು. ಆಮೇಲೆ ಅವನು ಬಿದಿರು ಸಾಗಿಸುವ ಲಾರಿಗೆ ಡ್ರೈವರಾದ. ನಾನು ಕೂಲಿ ಮಾಡ್ತಾ, ಗಡಿ ದಾಟಿ ಕರ್ನಾಟಕದ ಚಾಮರಾಜನಗರಕ್ಕೆ, ದಲಿತ ಸಂಘದ ಸಭೆಗಳಿಗೆ ಹೋಗತೊಡಗಿದೆ, ಕರಪತ್ರ ಬರೆದೆ, ಮೈಕು ಹಿಡಿದೆ. ಹಿಡಿದರೇನು? ನಾನು ಭಾಷಣ ಮುಗಿಸಿ ಬಂದರೆ ನೀನು ಜಗಲಿಯ ಮೇಲೆ ಕೂತು ನಂಜುಂಡನ ಲಾರಿಯ ಹಾರನ್ನಿಗೆ ಕಿವಿ ಕೊಟ್ಟಿರ್ತಿದ್ದೆ. ನೀನು ಸತ್ತ ದಿನ ಚಟ್ಟದ ಮುಂದಿನ ತುದಿಗೆ ಅವನೇ ಹೆಗಲು ಕೊಟ್ಟ. ನಾನು ಹಿಂದೆ, ಇಡೀ ದಾರಿ ಅವನ ಬೆನ್ನನ್ನೇ ನೋಡ್ತಾ ನಡೆದೆ. ನೀನು ಹೋದ ದಿನವೂ ನಾನು ಅಳಲಿಲ್ಲ ಮಾವಾ, ಉರಿದೆ.

ಇನ್ನು ಹೇಳೋದು ನೀನು ಕೇಳದ ಸುದ್ದಿ. ಕಳೆದ ತಿಂಗಳು ಸತ್ಯಮಂಗಲದಿಂದ ಬರುವಾಗ ಅವನ ಲಾರಿ ಹತ್ತಬೇಕಾಯಿತು, ಬಸ್ಸು ಕೆಟ್ಟಿತ್ತು. ಘಾಟಿ ಹತ್ತುವಷ್ಟು ಹೊತ್ತೂ ಜಗಳ. ಮುಖಕ್ಕೆ ಬಿದ್ದ ಏಟೇ ಏಟು ಅಂತ ಅವನು. ಪಕ್ಕೆಗೆ ಬಿದ್ದದ್ದಕ್ಕೆ ಅವನು ಒಂದು ವಾರ ನೆಟ್ಟಗೆ ಉಸಿರಾಡಲಿಲ್ಲ ಅಂತ ನಾನು. ಘಾಟಿಯ ತುದಿ ದಿಂಬಂನಲ್ಲಿ ಲಾರಿ ನಿಲ್ಲಿಸಿ ಟೀ ಅಂಗಡಿ ಮುಂದೆ ಇಳಿದೆವು. "ಬಾ ಇಲ್ಲಿ, ತೋರುಸ್ತೀನಿ" ಅಂದೆ. ಅವನು ಆವತ್ತಿನ ಹಾಗೇ ಕೊರಳಿಗೆ ಬಿದ್ದ, ನಾನು ಆವತ್ತಿನ ಹಾಗೇ ಮುಷ್ಟಿ ಸೇರಿಸಿದೆ. ಟೀ ಕಾಯಿಸುವ ಕಾಕಾ ನಿಜವಾದ ಹೊಡೆದಾಟ ಅಂದುಕೊಂಡ. ಸೌಟು ಬಿಸಾಕಿ ಓಡಿಬಂದು ನನ್ನ ಎದೆಗೊಂದು ಕೈ, ಅವನ ಎದೆಗೊಂದು ಕೈ ಇಟ್ಟು ನೂಕಿದ. ಅಷ್ಟೇ. ತೆಕ್ಕೆ ಬಿಟ್ಟುಹೋಯಿತು.

ಇಬ್ಬರೂ ಕಾಕಾನ ಕೈಗಳನ್ನೇ ನೋಡಿದೆವು. ಇಷ್ಟೇನಾ? ಎರಡು ಅಂಗೈಗಳ ಕೆಲಸವಾ ಇದು? ಆ ಮಧ್ಯಾಹ್ನ ಮಲ್ಲೇಶಪ್ಪ ಹೀಗೆ ಕೈ ಇಟ್ಟಿದ್ದರೆ ಕಾಣದ ಏಟು ಅನ್ನೋದೇ ಇರ್ತಿರಲಿಲ್ಲ. ಬಯಲಿಗೆ ಬಂದು ಹೊಡೆದಾಡಿ ಇಬ್ಬರಲ್ಲಿ ಒಬ್ಬ ನೆಟ್ಟಗೆ ಗೆಲ್ತಿದ್ದ. ಮಲ್ಲೇಶಪ್ಪ ಕೈ ಕೊಳೆ ಮಾಡಿಕೊಳ್ಳದ ತಪ್ಪಿಗೆ ಇಷ್ಟು ವರ್ಷ ನಾವಿಬ್ಬರೂ ಒಬ್ಬರನ್ನೊಬ್ಬರು ಕಚ್ಚಿದೆವು. ಮುಖವೋ ಪಕ್ಕೆಯೋ ಅಂತ ಕೇಳಿದೆವು, ಕೋಲು ಯಾಕೆ ಅಂತ ಕೇಳಲಿಲ್ಲ. ನೀನು ಯಾಕೆ ಕೇಳಲಿಲ್ಲ ಮಾವಾ? ಮಿಲಿಟರಿಯಲ್ಲಿ ರೆಫರಿಯ ಕೈ ನಿನ್ನ ಮೈ ಮೇಲೆ ಬಿದ್ದದ್ದನ್ನು ಕಂಡವನು ನೀನು. ಗೊತ್ತಿದ್ದೂ ಕುರ್ಚಿಯಲ್ಲಿ ಕೂತೆಯಾ, ಇಲ್ಲಾ ನಮಗೊಂದು ಹಗ್ಗ ಕಟ್ಟಿಸಿಕೊಟ್ಟರೆ ಸಾಕು ಅಂತ ಹಲ್ಲು ಕಚ್ಚಿದ್ದೆಯಾ...

ಈ ಪೊಂಗಲ್ಲಿಗೂ ಪಂದ್ಯ ಇದೆ, ರೆಫರಿ ಮಲ್ಲೇಶಪ್ಪನೇ, ಕೋಲೂ ಇದೆ. ನಾವಿಬ್ಬರೂ ಅವನ ಮನೆ ಅಂಗಳಕ್ಕೆ ಹೋದೆವು. ಕೋಲಲ್ಲಿ ಬಿಡಿಸಿದರೇನು, ಕೈಯಲ್ಲಿ ಬಿಡಿಸಿದರೇನು, ನ್ಯಾಯ ಒಂದೇ ತಾನೇ ಅಂತ ನಕ್ಕ. ನಾನು ಗಂಟಲು ಸರಿ ಮಾಡಿಕೊಳ್ತಿದ್ದೆ. ಅಷ್ಟರಲ್ಲಿ ನಂಜುಂಡ ಅಂದ: "ಮೊದ್ಲು ಮುಟ್ಟಿ ಬುಡ್ಸಿ ಸಾಮಿ. ಆಮ್ಯಾಕ ನ್ಯಾಯದ ಮಾತಾಡವ." ಮಲ್ಲೇಶಪ್ಪನ ನಗು ನಿಂತಿತು. ಇಷ್ಟು ವರ್ಷ ಸಭೆ ಸುತ್ತಿದವನು ನಾನು, ಆ ಮಾತು ಹುಟ್ಟಿದ್ದು ಲಾರಿ ಓಡಿಸುವವನ ಬಾಯಲ್ಲಿ! ಅಂಗಳ ದಾಟುವವರೆಗೂ ನಾನು ಅವನಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದೆ. ಆ ಮಾತು ಕೇಳೋಕೆ ನೀನಿರಲಿಲ್ಲವಲ್ಲ, ಅದೊಂದೇ ಸಮಾಧಾನ. ಇದ್ದಿದ್ದರೆ ಇನ್ನೊಂದು ಸಲ ಟವಲು ತೆಗೀತಿದ್ದೆ.

ಮುಟ್ಟದ ರೆಫರಿ ಇರುವ ಹಗ್ಗದೊಳಗೆ ನಮ್ಮ ಕೇರಿಯ ಒಬ್ಬ ಹುಡುಗನೂ ಇಳಿಯೋದಿಲ್ಲ ಅಂತ ತೀರ್ಮಾನ ಮಾಡೋಕೆ ಸಭೆ ಕರೆದಿದ್ದೇವೆ. ಮಲ್ಲೇಶಪ್ಪನಿಗೂ ಹೇಳಿ ಕಳಿಸಿದ್ದೇವೆ, ಬಂದು ಎಲ್ಲರೆದುರು ಉತ್ತರ ಕೊಡಲಿ. ಕರಪತ್ರ ಬರೆದವನು ನಾನು, ಅಧ್ಯಕ್ಷ ನಂಜುಂಡ. ಜನ ಹಾಗೆ ಆರಿಸಿದರು, ಹಲ್ಲು ಕಡಿದು ನನ್ನ ಕೈಯಿಂದಲೇ ಅವನ ಹೆಸರು ಮೇಲೆ ಬರೆದೆ. ಮೈಕು ಸಿಕ್ಕಿದ ಕೂಡಲೇ ನಾನು ಹೇಳೋ ಮೊದಲ ಮಾತು, ಆ ಪಂದ್ಯ ಗೆದ್ದವನು ನಾನು ಅಂತ. ಎರಡನೆಯದು, ನಂಜುಂಡ ಹೇಳಿದ್ದು ಸರಿ ಅಂತ. ತಾಳವಾಡಿ ಬಸ್ ಸ್ಟ್ಯಾಂಡಿನ ಪಕ್ಕದ ಬಯಲು, ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.